ಎರಡು ಡೆಸ್ಕ್‌ಟಾಪ್ ಕೇಳಿದ್ದೇ ತಪ್ಪಾಯ್ತಾ?

ಇವತ್ತೂ ಕಪ್ಪು ಪರದೆ. ನಡುವೆ ಒಂದು ಮೌಸ್ ಬಾಣ, ಅಷ್ಟೇ. ಎಷ್ಟು ಆಡಿಸಿದರೂ ಬಾಣವೇ ಓಡಾಡುತ್ತದೆ. ಅದರ ಹಿಂದೆ ಎಲ್ಲೋ ನನ್ನ ಎರಡು ಗಂಟೆಯ ಕೆಲಸ ಕೂತಿದೆ. ಸೇವ್ ಮಾಡಿಲ್ಲ. ಹೌದು, ಮಾಡಬೇಕಿತ್ತು. ಯಾರೂ ಹೇಳಬೇಡಿ.

ನಾನು ಕೇಳಿದ್ದು ಅಂಥ ದೊಡ್ಡದೇನಲ್ಲ. ಲಿನಕ್ಸ್ ಇರುವ ಒಂದು ಕಂಪ್ಯೂಟರ್. ಅದರೊಳಗೇ ಆಫೀಸ್ ಕೆಲಸಕ್ಕೊಂದು ಡೆಸ್ಕ್‌ಟಾಪ್ ಪರದೆ, ಸ್ವಂತಕ್ಕೊಂದು. ಎರಡೂ ಒಟ್ಟಿಗೆ ಓಡುತ್ತಿರಬೇಕು. ಕಂಟ್ರೋಲ್, ಆಲ್ಟ್ ಜೊತೆ ಒಂದು ಎಫ್ ಕೀ ಒತ್ತಿದರೆ ಅಲ್ಲಿಂದ ಇಲ್ಲಿಗೆ ಬರಬೇಕು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವುದು ಲಿನಕ್ಸ್‌ನ ಹಿರಿಯಜ್ಜ ಯುನಿಕ್ಸ್‌ಗೆ 1970ರ ದಶಕದಿಂದ ಗೊತ್ತು. ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಎಕ್ಸ್11 ಬಂದದ್ದು 1987ರಲ್ಲಿ. ಡಿಸ್‌ಪ್ಲೇಗಳಿಗೆ ಸೊನ್ನೆ, ಒಂದು, ಎರಡು ಅಂತ ನಂಬರ್ ಕೊಡುವುದು ಅದರ ಹಳೇ ಪದ್ಧತಿ. ಬಳಸುವವರು ಒಬ್ಬರೇ ಅಂದುಕೊಂಡಿದ್ದರೆ ನಂಬರ್ ಯಾಕೆ ಬೇಕಿತ್ತು?

ಮೊದಲು ಒಂದೇ ಹೆಸರಲ್ಲಿ ಎರಡು ಸಲ ಲಾಗಿನ್ ಆಗೋಣ ಅಂದೆ. ಲಾಗಿನ್ ಪರದೆ ನನ್ನನ್ನು ಸುಮ್ನೆ ಹಳೇ ಸೆಷನ್‌ಗೇ, ಅಂದರೆ ಆಗಲೇ ತೆರೆದಿದ್ದ ಡೆಸ್ಕ್‌ಟಾಪಿಗೇ ವಾಪಸ್ ಕಳಿಸಿತು. ಹಟಕ್ಕೆ ಬಿದ್ದು ಕಮಾಂಡ್ ಕೊಟ್ಟು ಎರಡನೆಯದನ್ನು ಎಬ್ಬಿಸಿದೆ. ಎದ್ದಿತು, ಆದರೆ ನಿದ್ದೆಗಣ್ಣಲ್ಲಿ ಎದ್ದ ಹಾಗೆ. ಒಬ್ಬ ಬಳಕೆದಾರನಿಗೆ ಒಂದೇ ಡಿ-ಬಸ್ ಅಂತೆ. ಅಪ್ಲಿಕೇಶನ್‌ಗಳು ಒಂದಕ್ಕೊಂದು ಮಾತಾಡುವ ದಾರಿ ಅದು, ಎರಡು ಡೆಸ್ಕ್‌ಟಾಪೂ ಅದನ್ನೇ ಹಿಡಿಯುತ್ತವೆ. ಹಾಗಾಗಿ ಈ ಕಡೆ ಒತ್ತಿದ ಲಿಂಕ್ ಆ ಕಡೆ ತೆರೆಯಿತು! ಏನೂ ಆಗಲಿಲ್ಲವಲ್ಲ ಅಂತ ನಾನು ಇಲ್ಲಿ ಕುಕ್ಕುತ್ತಾ ಕೂತಿದ್ದೆ. ಆ ಕಡೆ ಹೋಗಿ ನೋಡಿದರೆ ಒಂಬತ್ತು ಟ್ಯಾಬ್.

ಸರಿ, ಬೇರೆ ಬಳಕೆದಾರನನ್ನೇ ಮಾಡಿಕೊಂಡೆ. ಈಗ ನನ್ನ ಫೈಲನ್ನು ನಾನೇ ತೆಗೆಯಲು ಹೋದರೆ ಅನುಮತಿ ಇಲ್ಲ. ಅದನ್ನು ಹೇಗೋ ಸರಿಮಾಡಿದೆ. ಆ ಕಡೆ ಹಾಡು ಹಾಕಿ ಈ ಕಡೆ ಬಂದರೆ ಹಾಡು ಬಂದ್. ಎದುರಿಗಿರುವ ಸೆಷನ್‌ಗೆ ಮಾತ್ರ ಸೌಂಡ್ ಕಾರ್ಡ್ ಕೊಡುವುದು ನಿಯಮ. ಇಲ್ಲದಿದ್ದರೆ ಹಿಂದೆ ಕೂತವನು ಮೈಕಿನಿಂದ ಕದ್ದು ಕೇಳಬಹುದಂತೆ. ನ್ಯಾಯವೇ. ಆದರೆ ಹಿಂದೆ ಕೂತವನೂ ನಾನೇ ಅಲ್ವಾ?

ಈ ಕಪ್ಪು ಪರದೆಯ ಕಥೆಯೂ ಇಂಥದ್ದೇ. ಗ್ರಾಫಿಕ್ಸ್ ಕಾರ್ಡಿನ ಯಜಮಾನಿಕೆ ಒಂದು ಸಲಕ್ಕೆ ಒಂದೇ ಸೆಷನ್‌ಗೆ. ಹೋಗುವಾಗ ಬಿಟ್ಟುಕೊಡಬೇಕು, ಬಂದಾಗ ಮತ್ತೆ ಹಿಡಿಯಬೇಕು. ಹತ್ತು ಸಲ ಸರಿಯಾಗಿ ಹಿಡಿಯುತ್ತದೆ. ಹನ್ನೊಂದನೇ ಸಲ ಆ ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಕೈಬಿಡುತ್ತದೆ. ಅದು ಯಾವಾಗಲೂ ಸೇವ್ ಮಾಡದ ದಿನವೇ ಯಾಕೆ?

ಬುದ್ಧಿ ಹೇಳುವವರಿಗೇನೂ ಕಮ್ಮಿ ಇಲ್ಲ. 'ವರ್ಕ್‌ಸ್ಪೇಸ್ ಬಳಸಿ.' ಅಯ್ಯಾ, ಅದು ಒಂದೇ ಮನೆಯ ನಾಲ್ಕು ಕೋಣೆ, ನನಗೆ ಬೇಕಾದದ್ದು ಎರಡು ಮನೆ. ಭಾನುವಾರ ಆಫೀಸಿನ ನೋಟಿಫಿಕೇಶನ್ ಟಣ್ ಅನ್ನಬಾರದು. 'ವರ್ಚುವಲ್ ಮಷೀನ್ ಹಾಕಿ.' ಕಂಪ್ಯೂಟರೊಳಗೆ ಇನ್ನೊಂದು ಕಂಪ್ಯೂಟರ್, ಎಂಟು ಜಿಬಿ ರ‍್ಯಾಮ್‌ನಲ್ಲಿ? 'ರೀಸ್ಟಾರ್ಟ್ ಮಾಡಿ.' ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳಬೇಕಾ?

ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ. ಎದುರಿಗೆ ಕಂಪ್ಯೂಟರ್‌ನಲ್ಲಿ ಬರೀ ಅಕ್ಷರಗಳ ಕನ್ಸೋಲ್ ತೆರೆದಿದೆ. ಯಾರ್ಯಾರು ಲಾಗಿನ್ ಆಗಿದ್ದಾರೆ ಅಂತ ತೋರಿಸುವ ಲಾಗಿನ್‌ಸಿಟಿಎಲ್ ಕಮಾಂಡಿನ ಪಟ್ಟಿಯಲ್ಲಿ ನನ್ನ ಸೆಷನ್ ಇನ್ನೂ ಇದೆ. ಜೀವ ಇದೆ, ಮುಖ ತೋರಿಸುತ್ತಿಲ್ಲ. ನನಗೆ ತಿಳಿದ ಉಪಾಯ ಇನ್ನು ಒಂದೇ, ಅದನ್ನು ಕೊಲ್ಲುವುದು. ಆ ಕಮಾಂಡ್ ಟೈಪ್ ಮಾಡಿ ಅರ್ಧ ಗಂಟೆಯಾಯಿತು. ಎಂಟರ್ ಒತ್ತಲು ಕೈ ಬರುತ್ತಿಲ್ಲ.