ಹಾರ್ಡ್‌ಟೇಲ್ ಸೈಕಲ್ಲಿನ ಹಿಂದಿನ ಚಕ್ರ: ಮೊದಲು ಕೇಸಿಂಗ್, ಆಮೇಲೆ ಇನ್ಸರ್ಟ್

ಬೀದರಿನಲ್ಲಿ ಮೌಂಟೇನ್ ಬೈಕ್ ಓಡಿಸುವ ನಮ್ಮ ಸಣ್ಣ ಗುಂಪಿನಲ್ಲಿ ಕೆಲವು ವಾರಗಳಿಂದ ಒಂದೇ ಚರ್ಚೆ ನಡೆದಿದೆ. ಹಿಂದಿನ ಟೈರಿನೊಳಗೆ ಇನ್ಸರ್ಟ್, ಅಂದರೆ ರಿಮ್ಮಿನ ಸುತ್ತ ಕೂರುವ ಫೋಮಿನ ಬಳೆ, ಹಾಕಿದರೆ ರಿಮ್ ಉಳಿಯುತ್ತದೆ, ಮುಳ್ಳಿನ ಕಾಟ ತಪ್ಪುತ್ತದೆ, ಹಗುರವಾದ ಟೈರಿನಲ್ಲೇ ಕೆಲಸ ಸಾಗುತ್ತದೆ ಎಂದು ಗೆಳೆಯರು ವಾದಿಸುತ್ತಿದ್ದಾರೆ. ಮೊದಲನೆಯ ಮಾತು ಬಹುಮಟ್ಟಿಗೆ ನಿಜ. ಎರಡನೆಯದು ನಿಜವಲ್ಲ. ಮೂರನೆಯದನ್ನು ನಂಬಿ ನಾನು ಮೂರು ವಾರವೂ ಓಡದ ಹೊಸ ಟೈರೊಂದನ್ನು ಕಳೆದುಕೊಂಡಿದ್ದೇನೆ. ಹಾರ್ಡ್‌ಟೇಲ್ ಸೈಕಲ್ಲಿಗೆ, ಅದರಲ್ಲೂ ನಮ್ಮ ಸೀಮೆಯ ನೆಲದಲ್ಲಿ ಓಡುವ ಹಾರ್ಡ್‌ಟೇಲ್‌ಗೆ, ಹಣವನ್ನು ಮೊದಲು ಹಿಂದಿನ ಟೈರಿನ ಕೇಸಿಂಗ್ (ರಬ್ಬರಿನ ಕೆಳಗಿನ ನೂಲಿನ ಪದರ) ಮೇಲೆ ಹಾಕಬೇಕು, ಇನ್ಸರ್ಟ್ ಅದರ ನಂತರದ ಮಾತು ಎಂಬುದು ಐದು ವರ್ಷಗಳ ಓಡಾಟದಿಂದ ನನಗೆ ಮನವರಿಕೆಯಾಗಿದೆ.

ಹಾರ್ಡ್‌ಟೇಲ್‌ನಲ್ಲಿ ಮುಂದೆ ಮಾತ್ರ ಸಸ್ಪೆನ್ಷನ್ ಫೋರ್ಕ್ ಇರುತ್ತದೆ. ಹಿಂದಿನ ಚಕ್ರ ನೇರವಾಗಿ ಫ್ರೇಮಿಗೆ ಕೂಡಿಕೊಂಡಿರುತ್ತದೆ. ಮುಂದಿನ ಚಕ್ರಕ್ಕೆ ಕಲ್ಲು ಬಡಿದರೆ ಫೋರ್ಕ್ ಹತ್ತು ಹನ್ನೆರಡು ಸೆಂಟಿಮೀಟರ್ ಒಳಸರಿದು ಪೆಟ್ಟನ್ನು ನುಂಗುತ್ತದೆ. ಅದೇ ಕಲ್ಲಿನ ಮೇಲೆ ಹಿಂದಿನ ಚಕ್ರ ಬಂದಾಗ ಕಲ್ಲಿಗೂ ರಿಮ್ಮಿಗೂ ನಡುವೆ ಇರುವುದು ಐದಾರು ಸೆಂಟಿಮೀಟರಿನಷ್ಟು ಗಾಳಿ ಮಾತ್ರ. ಕೂತು ತುಳಿಯುವಾಗ ಸವಾರನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆ ಚಕ್ರದ ಮೇಲೆಯೇ ಬೀಳುತ್ತದೆ. ಮುಂದಿನ ಚಕ್ರವನ್ನು ಕಣ್ಣಿಟ್ಟು ಕಲ್ಲು ತಪ್ಪಿಸಿ ನಡೆಸಬಹುದು, ಆದರೆ ಹಿಂದಿನದು ತಿರುವಿನಲ್ಲಿ ಒಳಗಿನ ದಾರಿ ಹಿಡಿಯುವುದರಿಂದ ನಾವು ತಪ್ಪಿಸಿದ ಕಲ್ಲನ್ನೇ ಹೋಗಿ ಏರುತ್ತದೆ.

ಇನ್ನು ನಮ್ಮ ನೆಲ. ಬೀದರ್ ಊರು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ ಕೂತಿದೆ. ಕೋಟೆಯ ಮೂರು ಸಾಲಿನ ಕಂದಕವನ್ನು ಕಡಿದದ್ದು ಇದೇ ಕಲ್ಲಿನಲ್ಲಿ. ನೌಬಾದಿನ ಸುರಂಗ ಬಾವಿಯ ಕಾಲುವೆಯನ್ನು ಕೊರೆದದ್ದೂ ಇದೇ ಕಲ್ಲಿನೊಳಗೆ. ನೆಲದಡಿ ಇರುವಾಗ ಮೆತ್ತಗಿದ್ದು ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವ ಗುಣ ಇದಕ್ಕಿದೆ. ಹಾಗೆ ಗಟ್ಟಿಯಾದ ಮೇಲ್ಮೈ ತೂತು ತೂತಾಗಿರುತ್ತದೆ, ಆ ತೂತುಗಳ ಅಂಚು ರಬ್ಬರಿನ ಮೇಲೆ ಅರದಂತೆ ಕೆಲಸ ಮಾಡುತ್ತದೆ. ಅದರ ಮೇಲೆ ಕಡಲೆಕಾಳಿನಿಂದ ಗೋಲಿಯವರೆಗಿನ ಗಾತ್ರದ ಕೆಂಪು ಗರಸು, ಅಂದರೆ ನಾವು ಮೊರಂ ಎನ್ನುವುದು, ಸಡಿಲವಾಗಿ ಹರಡಿಕೊಂಡಿರುತ್ತದೆ. ಬಯಲಿನ ಅಂಚಿನಿಂದ ಅಷ್ಟೂರಿನ ಕಡೆಗೋ ಮಾಂಜ್ರಾ ನದಿಯ ಕಡೆಗೋ ಇಳಿಯತೊಡಗಿದರೆ ಕೆಂಪು ಮುಗಿದು ಕಪ್ಪು ಬಸಾಲ್ಟಿನ ಗುಂಡುಗಳು ಬರುತ್ತವೆ, ಅವುಗಳ ಕೆಳಗೆ ಎರೆಮಣ್ಣಿನ ಹೊಲಗಳು. ಹೀಗೆ ಒಂದೇ ಇಳಿಜಾರಿನಲ್ಲಿ ಟೈರನ್ನು ಕೊಯ್ಯುವ ಕಲ್ಲು, ಜಾರಿಸುವ ಗರಸು, ರಿಮ್ಮಿಗೆ ಬಡಿಯುವ ಗುಂಡು ಮೂರೂ ಸಿಗುತ್ತವೆ. ಯಾದಗಿರಿ, ಶಹಾಪುರದ ಕಡೆಯ ಗ್ರಾನೈಟ್ ಗುಡ್ಡಗಳಲ್ಲಿ ಓಡಿಸುವವರಿಗೆ ಕೊಯ್ಯುವ ಕಲ್ಲಿನ ಕಾಟ ಇಷ್ಟಿಲ್ಲ, ಅವರ ಆಯ್ಕೆ ಬೇರೆಯಾದರೆ ಅದು ಸಹಜವೇ.

ಕೇಸಿಂಗ್ ಎಂದರೆ ರಬ್ಬರಿನ ಕೆಳಗಿರುವ ನೈಲಾನ್ ನೂಲಿನ ಪದರ. ಟೈರಿನ ಮೇಲೆ ಟಿಪಿಐ ಎಂದು ಬರೆದಿರುವುದು ಒಂದು ಅಂಗುಲದಲ್ಲಿ ಎಷ್ಟು ಎಳೆ ಇವೆ ಎಂಬುದರ ಲೆಕ್ಕ. 120 ಎಂದರೆ ನೂಲು ತೆಳು, ಟೈರ್ ಮೃದು ಮತ್ತು ಹಗುರ. 60 ಎಂದರೆ ನೂಲು ದಪ್ಪ. ಸಂಖ್ಯೆ ದೊಡ್ಡದಾದಷ್ಟೂ ಟೈರ್ ಗಟ್ಟಿ ಎಂದು ಹಲವರು ತಿಳಿದಿದ್ದಾರೆ, ಅದು ತಪ್ಪು ತಿಳುವಳಿಕೆ. ಗಟ್ಟಿತನವನ್ನು ನಿರ್ಧರಿಸುವುದು ಪದರಗಳು ಎಷ್ಟಿವೆ ಮತ್ತು ಪಕ್ಕೆಗೆ ಯಾವ ರಕ್ಷಣೆ ಕೊಟ್ಟಿದ್ದಾರೆ ಎಂಬುದು. ಮ್ಯಾಕ್ಸಿಸ್ ಕಂಪನಿಯ ಟೈರುಗಳಲ್ಲಿ ಎಕ್ಸೋ, ಎಕ್ಸೋ ಪ್ಲಸ್, ಡಬಲ್‌ಡೌನ್, ಡಿಎಚ್ ಎಂದು ಬಲ ಏರುತ್ತ ಹೋಗುತ್ತದೆ. ಶ್ವಾಲ್ಬೆಯಲ್ಲಿ ಸೂಪರ್ ಗ್ರೌಂಡ್, ಸೂಪರ್ ಟ್ರೇಲ್, ಸೂಪರ್ ಗ್ರಾವಿಟಿ ಎಂಬ ಹೆಸರುಗಳಿವೆ. ಡಬಲ್‌ಡೌನ್‌ನಲ್ಲಿ 120 ಟಿಪಿಐನ ಎರಡು ಪದರ, ಡಿಎಚ್‌ನಲ್ಲಿ 60ರ ಎರಡು ಪದರ. ಎಕ್ಸೋದಿಂದ ಡಬಲ್‌ಡೌನ್‌ಗೆ ಹೋದರೆ ತೂಕ ಹೆಚ್ಚುಕಡಿಮೆ 200 ಗ್ರಾಂ ಏರುತ್ತದೆ.

ನಾನು ಕಳೆದುಕೊಂಡ ಟೈರ್ 2.25 ಅಂಗುಲದ, ರೇಸಿಗೆಂದು ಮಾಡಿದ ತೆಳು ಕೇಸಿಂಗಿನದು. ಒಳಗೆ ಇನ್ಸರ್ಟ್ ಇತ್ತು. ಬಯಲಿನ ಅಂಚಿನ ಇಳಿಜಾರಿನಲ್ಲಿ ಜಂಬಿಟ್ಟಿಗೆಯ ಒಂದು ಮೂಲೆ ಪಕ್ಕೆಗೆ ಉಜ್ಜಿ ಒಂದು ಅಂಗುಲದಷ್ಟು ಸೀಳಿತು. ಇನ್ಸರ್ಟ್ ಇದ್ದದ್ದರಿಂದ ಗಾಳಿಯಿಲ್ಲದ ಚಕ್ರದಲ್ಲೇ ನಿಧಾನವಾಗಿ ಏಳು ಕಿಲೋಮೀಟರ್ ಓಡಿಸಿಕೊಂಡು ಮನೆ ಸೇರಿದೆ, ಆ ಉಪಕಾರವನ್ನು ಮರೆಯುವುದಿಲ್ಲ. ಆದರೆ ಟೈರ್ ಉಳಿಯಲಿಲ್ಲ. ಪಂಕ್ಚರ್ ಅಂಗಡಿಯ ಕಾಕಾ ಅದನ್ನು ಕೈಯಲ್ಲಿ ಮಡಚಿ ನೋಡಿ, "ಬಾಜುದ ದಾರಾನೇ ಹರದಾವ್ರಿ, ಗೇಟರ್ ಹಾಕಿದ್ರೂ ನಿಲ್ಲಂಗಿಲ್ಲ" ಎಂದರು. ಗೇಟರ್ ಎಂದರೆ ಟೈರಿನ ಒಳಗಿನಿಂದ ಹಚ್ಚುವ ತೇಪೆ. ಇನ್ಸರ್ಟ್ ರಿಮ್ಮಿನ ಮೇಲೆ ಕೂತಿರುವ ವಸ್ತು. ಟೈರಿನ ಪಕ್ಕೆಯನ್ನು ಹೊರಗಿನಿಂದ ಕೊಯ್ಯುವ ಕಲ್ಲನ್ನು ಅದು ತಡೆಯಲಾರದು. ಅಂದಿನಿಂದ ಹಿಂದಿನ ಚಕ್ರಕ್ಕೆ ಎರಡು ಪದರದ ಕೇಸಿಂಗನ್ನೇ ಬಳಸುತ್ತಿದ್ದೇನೆ. ಆ ಹೆಚ್ಚುವರಿ ತೂಕ ಏರಿನಲ್ಲಿ ತಿಳಿಯುತ್ತದೆ, ತಿಳಿಯುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೂ ಆಯ್ಕೆ ಬದಲಿಸುವ ಮನಸ್ಸಾಗಿಲ್ಲ.

ಅಗಲದ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. ಒಳ ಅಗಲ 30 ಮಿಲಿಮೀಟರ್ ಇರುವ ರಿಮ್ಮಿಗೆ 2.4 ಅಂಗುಲದ ಟೈರ್ ಸರಿಯಾಗಿ ಕೂರುತ್ತದೆ. 2.6 ಹಾಕಿದರೆ ಗಾಳಿಯ ಮೆತ್ತೆ ದೊಡ್ಡದಾಗುವುದು ನಿಜ, ಆದರೆ ಮಳೆಗಾಲದಲ್ಲಿ ಎರೆಮಣ್ಣು ಟೈರಿಗೂ ಫ್ರೇಮಿಗೂ ನಡುವಿನ ಸಂದಿಯಲ್ಲಿ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಬಟನ್‌ಗಳ, ಅಂದರೆ ನೆಲ ಕಚ್ಚುವ ರಬ್ಬರಿನ ಉಬ್ಬುಗಳ ವಿಷಯದಲ್ಲಿ ಮುಂದಿನ ಮತ್ತು ಹಿಂದಿನ ಚಕ್ರದ ಕೆಲಸ ಬೇರೆ ಬೇರೆ: ಮುಂದಿನದು ತಿರುವಿನಲ್ಲಿ ಹಿಡಿಯಬೇಕು, ಹಿಂದಿನದು ಏರಿನಲ್ಲಿ ತಳ್ಳಬೇಕು, ಇಳಿಜಾರಿನಲ್ಲಿ ತಡೆಯಬೇಕು. ಮ್ಯಾಕ್ಸಿಸ್‌ನ ಮಿನಿಯನ್ ಡಿಎಚ್‌ಆರ್ ಟೈರಿನಲ್ಲಿ ನಡುವಿನ ಬಟನ್‌ಗಳು ಅಡ್ಡಕ್ಕೆ ಅಗಲವಾಗಿರುವುದು ಇದೇ ಕಾರಣಕ್ಕೆ, ಗಟ್ಟಿ ನೆಲದ ಮೇಲಿನ ಸಡಿಲ ಮೊರಂನಲ್ಲಿ ಅದು ಚೆನ್ನಾಗಿ ನಿಲ್ಲುತ್ತದೆ. ರಬ್ಬರ್ ಮಾತ್ರ ಮೆತ್ತನೆಯದು ಬೇಡ. ಮುಂದಿನ ಚಕ್ರಕ್ಕೆ ಮೆತ್ತನೆಯ ರಬ್ಬರ್ ಎಷ್ಟು ಒಳ್ಳೆಯದೋ ಹಿಂದಿನದಕ್ಕೆ ಅಷ್ಟೇ ನಷ್ಟದ್ದು, ಏಕೆಂದರೆ ಪೆಡಲಿನ ಎಳೆತವೂ ಬ್ರೇಕಿನ ಉಜ್ಜಾಟವೂ ಸೇರಿ ನಮ್ಮ ಕಲ್ಲಿನ ಮೇಲೆ ಅದನ್ನು ಬೇಗ ತಿಂದುಹಾಕುತ್ತವೆ. ಸವೆದ ಮುಂದಿನ ಟೈರನ್ನು ಹಿಂದಕ್ಕೆ ಹಾಕಿಕೊಳ್ಳುವ ರೂಢಿಯನ್ನೂ ಇದೇ ಕಾರಣಕ್ಕೆ ನಾನು ಒಪ್ಪುವುದಿಲ್ಲ.

ಈಗ ಇನ್ಸರ್ಟಿನ ನಿಜವಾದ ಕೆಲಸಕ್ಕೆ ಬರುತ್ತೇನೆ. ಇದು ಮುಚ್ಚಿದ ಕಣಗಳ ಫೋಮಿನ ಬಳೆ. ಟೈರ್ ಪೂರ್ತಿ ಅದುಮಿಹೋದಾಗ ಕಲ್ಲಿಗೂ ರಿಮ್ಮಿಗೂ ನಡುವೆ ಅಡ್ಡ ಬಂದು, ರಿಮ್ಮಿನ ಅಂಚು ಬಾಗದಂತೆಯೂ ಆ ಅಂಚು ಟೈರನ್ನು ಒಳಗಿನಿಂದ ಕತ್ತರಿಸದಂತೆಯೂ ಕಾಯುತ್ತದೆ. ಕುಶ್‌ಕೋರ್‌ನ ಪ್ರೊ ಮಾದರಿಯಂತಹ ದಪ್ಪ ಇನ್ಸರ್ಟ್ 29 ಅಂಗುಲದ ಚಕ್ರಕ್ಕೆ 250 ಗ್ರಾಂ ದಾಟುತ್ತದೆ. ಅದು ಟೈರಿನ ಪಕ್ಕೆಗೂ ಒತ್ತಿಕೊಂಡಿದ್ದು ತಿರುವಿನಲ್ಲಿ ಟೈರ್ ವಾಲುವುದನ್ನು ಕಡಿಮೆ ಮಾಡುತ್ತದೆ, ಪೆಟ್ಟಿನ ನಂತರದ ಪುಟಿತವನ್ನೂ ತಗ್ಗಿಸುತ್ತದೆ. ಅದೇ ಕಂಪನಿಯ ಎಕ್ಸ್‌ಸಿ ಮಾದರಿ 150 ಗ್ರಾಂ ಆಸುಪಾಸಿನಲ್ಲಿದೆ. ನನ್ನ ಅಭಿಪ್ರಾಯದಲ್ಲಿ ಗಟ್ಟಿ ಕೇಸಿಂಗ್ ಇರುವವರಿಗೆ ಹಗುರವಾದದ್ದೇ ಸಾಕು, ಅದೂ ಹಿಂದಿನ ಚಕ್ರಕ್ಕೆ ಮಾತ್ರ. ಎರಡು ಪದರದ ಟೈರಿನ ಜೊತೆ ದಪ್ಪ ಇನ್ಸರ್ಟ್ ಹಾಕಿ ಒಂದು ಬೇಸಿಗೆ ಓಡಿಸಿ ನೋಡಿದೆ: ಚಕ್ರ ಜಡವಾಯಿತು, ಕಲ್ಲಿನ ಸಾಲಿನಲ್ಲಿ ಹಿಂಭಾಗ ಶಾಂತವಾಯಿತು, ಆದರೆ ಹಾರ್ಡ್‌ಟೇಲ್‌ನ ಚುರುಕು ಹೋಯಿತು. ಅದನ್ನು ತೊಡಿಸಲು ಎರಡು ಸಂಜೆ ಬೇಕಾದವು. ಟೈರಿನ ಬೀಡನ್ನು, ಅಂದರೆ ರಿಮ್ಮಿಗೆ ಕಚ್ಚಿಕೊಳ್ಳುವ ಅಂಚನ್ನು, ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿ ಹಿಡಿದರೆ ಮಾತ್ರ ಇನ್ನೊಂದು ಬದಿ ಏರುತ್ತದೆ, ಫೋಮ್ ಆ ತಗ್ಗನ್ನೇ ತುಂಬಿಕೊಂಡಿರುತ್ತದೆ. ಇವು ಟ್ಯೂಬ್‌ಲೆಸ್ ಟೈರುಗಳು, ದಾರಿಯಲ್ಲಿ ಟ್ಯೂಬ್ ಹಾಕಬೇಕಾದ ಸಂದರ್ಭ ಬಂದರೆ ಇದನ್ನೆಲ್ಲ ಬಿಸಿಲಿನಲ್ಲಿ ಕೂತು ಮಾಡಬೇಕು, ಸೀಲೆಂಟ್ (ಸಣ್ಣ ತೂತನ್ನು ಒಳಗಿನಿಂದ ಮುಚ್ಚುವ ದ್ರವ) ಮೆತ್ತಿದ ಬಳೆಯನ್ನು ಬೆನ್ನಿಗೆ ಸುತ್ತಿಕೊಂಡು ಬರಬೇಕು. ಗಾಳಿ ತುಂಬುವ ವಾಲ್ ಕೂಡ ಬುಡದಲ್ಲಿ ಪಕ್ಕಕ್ಕೆ ತೂತಿರುವಂಥದ್ದಾಗಿರಬೇಕು, ಇಲ್ಲವಾದರೆ ಫೋಮ್ ಅದರ ಬಾಯಿಗೆ ಅಂಟಿಕೊಂಡು ಗಾಳಿ ಹೋಗುವುದಿಲ್ಲ. ಮನೆಯಲ್ಲಿದ್ದ ಸ್ಪಂಜನ್ನು ಕತ್ತರಿಸಿ ಹಾಕುವ ಪ್ರಯೋಗ ಯಾರೂ ಮಾಡಬೇಡಿ. ತೆರೆದ ಕಣಗಳ ಸ್ಪಂಜ್ ಸೀಲೆಂಟನ್ನೆಲ್ಲ ಹೀರಿಕೊಂಡುಬಿಡುತ್ತದೆ.

ಮುಳ್ಳಿನ ಮಾತು ಬೇರೆ. ಜಾಲಿ ಮುಳ್ಳು ಬಟನ್‌ಗಳ ನಡುವಿನ ತೆಳು ರಬ್ಬರಿನ ಮೂಲಕ ಒಳಬರುತ್ತದೆ, ಆ ಜಾಗದಲ್ಲಿ ಇನ್ಸರ್ಟ್ ಇರುವುದೇ ಇಲ್ಲ. ಅದಕ್ಕೆ ಮದ್ದು ಸೀಲೆಂಟ್ ಒಂದೇ. ತೊಗರಿ ಕೊಯ್ದ ಹೊಲದ ಬದುವಿನಲ್ಲಿ ಓರೆಯಾಗಿ ಕತ್ತರಿಸಿ ಉಳಿದ ಕೂಳೆ ಮುಳ್ಳಿಗಿಂತ ಅಪಾಯಕಾರಿ, ಅದರ ತೂತು ದೊಡ್ಡದು. ಅದಕ್ಕೆ ತೂತಿಗೆ ತುರುಕುವ ಪ್ಲಗ್ ಜೇಬಿನಲ್ಲಿರಬೇಕು. ಸೀಲೆಂಟ್ ಲ್ಯಾಟೆಕ್ಸ್‌ನಿಂದ ಆದದ್ದಾದ್ದರಿಂದ ಬಿಸಿಲಿಗೆ ಬೇಗ ಒಣಗುತ್ತದೆ. ಕಂಪನಿಗಳು ಹೇಳುವ ತಿಂಗಳುಗಳ ಲೆಕ್ಕವನ್ನು ಕಲ್ಯಾಣ ಕರ್ನಾಟಕದ ಏಪ್ರಿಲ್, ಮೇ ತಿಂಗಳಿಗೆ ಅನ್ವಯಿಸಬಾರದು. ನಾನು ಬೇಸಿಗೆಯಲ್ಲಿ ಐದು ವಾರಕ್ಕೊಮ್ಮೆ ವಾಲ್ ಬಿಚ್ಚಿ ಕಡ್ಡಿ ಇಳಿಸಿ ನೋಡುತ್ತೇನೆ, ಇನ್ಸರ್ಟ್ ಇದ್ದರೆ ಅದರ ಮೈಗೂ ಒಂದಷ್ಟು ಮೆತ್ತಿಕೊಳ್ಳುವುದರಿಂದ 30 ಮಿಲಿಲೀಟರ್ ಹೆಚ್ಚು ಹಾಕುತ್ತೇನೆ.

ಎಲ್ಲಕ್ಕಿಂತ ಅಗ್ಗದ ಮತ್ತು ಎಲ್ಲರೂ ಅಲಕ್ಷಿಸುವ ಸಾಧನ ಗಾಳಿಯ ಮೀಟರ್. ಪೆಟ್ರೋಲ್ ಬಂಕಿನ ಮೀಟರ್ ಕಾರು, ಬೈಕುಗಳ ಒತ್ತಡಕ್ಕೆ ಮಾಡಿದ್ದು, 22ಕ್ಕೂ 25ಕ್ಕೂ ಇರುವ ವ್ಯತ್ಯಾಸವನ್ನು ಅದರಲ್ಲಿ ನಂಬುವಂತಿಲ್ಲ. ನಮಗೆ ಆ ಮೂರು ಪಿಎಸ್‌ಐಗಳೇ ಸರ್ವಸ್ವ. ಸಾಮಾನು ಸಮೇತ 74 ಕಿಲೋ ತೂಗುವ ನಾನು ಮುಂದೆ 21, ಹಿಂದೆ ಇನ್ಸರ್ಟ್ ಇಲ್ಲದಾಗ 26, ಹಗುರ ಇನ್ಸರ್ಟ್ ಇದ್ದಾಗ 23 ಇಡುತ್ತೇನೆ. ಇನ್ಸರ್ಟಿನಿಂದ ಬರುವ ಲಾಭವೆಲ್ಲ ಈ ಇಳಿಸಿದ ಮೂರು ಅಂಕಿಗಳಲ್ಲಿದೆ: ಟೈರ್ ಕಲ್ಲಿನ ಮೇಲೆ ಹರಡಿಕೊಳ್ಳುತ್ತದೆ, ಪುಟಿಯುವುದಿಲ್ಲ, ಬೆನ್ನಿಗೆ ಆರಾಮ ಸಿಗುತ್ತದೆ. ಇನ್ಸರ್ಟ್ ಹಾಕಿ ಮೊದಲಿನಷ್ಟೇ ಗಾಳಿ ತುಂಬಿ ಓಡಿಸುವವರಿಗೆ ರಿಮ್ಮಿನ ರಕ್ಷಣೆ ಸಿಗಬಹುದು, ಓಟದಲ್ಲಿ ಸಿಗುವುದು ತೂಕ ಮಾತ್ರ. ಬೇಸಿಗೆಯಲ್ಲಿ ಇನ್ನೊಂದು ಲೆಕ್ಕವಿದೆ. ಬೆಳಿಗ್ಗೆ 24 ಡಿಗ್ರಿಯಲ್ಲಿ ತುಂಬಿದ ಗಾಳಿ ನಡುಹಗಲಿನ 40 ಡಿಗ್ರಿಗೆ ಸುಮಾರು 2 ಪಿಎಸ್‌ಐ ಏರುತ್ತದೆ, ಆದ್ದರಿಂದ ನಸುಕಿನಲ್ಲಿ ಹೊರಟು ಬಿಸಿಲೇರಿದ ಮೇಲೆ ಇಳಿಯುವ ದಿನ ಮೇಲೆ ನಿಂತು ಮತ್ತೊಮ್ಮೆ ಅಳೆದು ಇಳಿಸುತ್ತೇನೆ.

ನನ್ನ ಅಕ್ಕನ ಮಗ ಈ ತಿಂಗಳು ಮೊದಲ ಹಾರ್ಡ್‌ಟೇಲ್ ಕೊಂಡಿದ್ದಾನೆ. ಅದು ಟ್ಯೂಬಿನ ಸೈಕಲ್, ರಿಮ್ ಟ್ಯೂಬ್‌ಲೆಸ್‌ಗೆ ಒಗ್ಗುವಂಥದ್ದಲ್ಲ. "ಮಾಮಾ, ಇನ್ಸರ್ಟ್ ತರಿಸ್ಲಿ?" ಎಂದು ಕೇಳಿದ. ಟ್ಯೂಬಿನ ಸುತ್ತ ಕೂರುವ ಟ್ಯಾನಸ್ ಆರ್ಮರ್‌ನಂತಹ ಫೋಮ್ ಇದೆ, ಟ್ರೆಡ್ಡಿನ ಕೆಳಗೆ 15 ಮಿಲಿಮೀಟರ್ ದಪ್ಪವಿದ್ದು ಸಣ್ಣ ಮುಳ್ಳನ್ನು ತಡೆಯುತ್ತದೆ, ಎರಡು ಅಂಗುಲದ ಜಾಲಿ ಮುಳ್ಳಿನ ಭರವಸೆ ಕೊಡಲಾರೆ ಎಂದು ತಿಳಿಸಿದೆ. ಸದ್ಯಕ್ಕೆ ಅದನ್ನೂ ತರಿಸುವುದು ಬೇಡ, ಹಿಂದಕ್ಕೆ ಪಕ್ಕೆ ಗಟ್ಟಿಯಿರುವ ಒಂದು 2.4ರ ಟೈರ್ ಮತ್ತು ಒಂದು ಮೀಟರ್ ತೆಗೆದುಕೊಳ್ಳಲು ಹೇಳಿದ್ದೇನೆ, ಫ್ರೇಮಿನಲ್ಲಿ ಅಷ್ಟು ಅಗಲಕ್ಕೆ ಜಾಗವಿದೆಯೇ ಎಂದು ಭಾನುವಾರ ಇಬ್ಬರೂ ಕೂತು ಅಳೆಯಲಿದ್ದೇವೆ.