ಗಂಟೆಗೆ 25 ಕಿ.ಮೀ. ವೇಗದ ಇ-ಸ್ಕೂಟರ್‌ಗೂ ಪರವಾನಗಿ, ನಂಬರ್ ಪ್ಲೇಟ್ ಬೇಕೆ?

ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದು. ಇಷ್ಟಿದ್ದರೆ ಬ್ಯಾಟರಿ ಸ್ಕೂಟರನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನ ಎಂದೇ ಪರಿಗಣಿಸುವುದಿಲ್ಲ. ಹಾಗಾಗಿ ನೋಂದಣಿ, ಚಾಲನಾ ಪರವಾನಗಿ, ವಿಮೆ, ಹೆಲ್ಮೆಟ್ ಯಾವುದೂ ಕಡ್ಡಾಯವಲ್ಲ. ಈ ವಿನಾಯಿತಿಯನ್ನು ತೆಗೆದುಹಾಕಬೇಕೆ?

ಪರ: ಗುದ್ದಿಸಿಕೊಂಡವರು ಯಾರನ್ನು ಕೇಳಬೇಕು?

ಸಂಜೆ ತರಕಾರಿ ಚೀಲ ಹಿಡಿದು ರಸ್ತೆ ದಾಟುತ್ತಿರುವ ವಯಸ್ಸಾದ ಹೆಂಗಸಿಗೆ ಇಂಥದೊಂದು ಸ್ಕೂಟರ್ ಗುದ್ದಿತು ಎಂದುಕೊಳ್ಳಿ. ಸೊಂಟದ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆಯಾಗಬೇಕು, ತಿಂಗಳುಗಟ್ಟಲೆ ಹಾಸಿಗೆಯಲ್ಲಿರಬೇಕು, ನೋಡಿಕೊಳ್ಳುವವರು ಕೆಲಸ ಬಿಡಬೇಕು. ಗುದ್ದಿದ್ದು ಪೆಟ್ರೋಲ್ ಸ್ಕೂಟರ್ ಆಗಿದ್ದರೆ ಅದಕ್ಕೊಂದು ನಂಬರ್ ಇರುತ್ತಿತ್ತು, ಕಾನೂನಿನಂತೆ ಮೂರನೇ ವ್ಯಕ್ತಿ ವಿಮೆ (ಗುದ್ದಿಸಿಕೊಂಡವರಿಗೆ ಪರಿಹಾರ ಕೊಡುವ ವಿಮೆ) ಇರಬೇಕಿತ್ತು, ಆಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದಿತ್ತು. ಗುದ್ದಿದವನು ಪರಾರಿಯಾಗಿ ಪತ್ತೆಯಾಗದಿದ್ದರೂ ಕೇಂದ್ರದ 2022ರ ಪರಿಹಾರ ಯೋಜನೆಯಂತೆ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ವಾಹನವೇ ಮೋಟಾರು ವಾಹನವಲ್ಲ ಎಂದಾದ ಮೇಲೆ ಈ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ಉಳಿಯುವುದು ಸಿವಿಲ್ ದಾವೆ ಒಂದೇ, ಅದೂ ಸವಾರ ಯಾರೆಂದು ಗೊತ್ತಾದರೆ. ಸವಾರನಿಗೆ ಕೊಟ್ಟ ರಿಯಾಯಿತಿಯ ಬೆಲೆಯನ್ನು ನಡೆದು ಹೋಗುವವರು ತೆರುತ್ತಿದ್ದಾರೆ. ನನ್ನ ಮುಖ್ಯ ತಕರಾರು ಇದೇ.

25 ಕಿ.ಮೀ. ಏನು ಮಹಾ ವೇಗ ಎನ್ನುವವರಿದ್ದಾರೆ. ಅದು ಸೆಕೆಂಡಿಗೆ ಸುಮಾರು 7 ಮೀಟರ್. ಆ ವೇಗದಲ್ಲಿ ಹೋಗಿ ಗೋಡೆಗೆ ಬಡಿದರೆ ಸುಮಾರು 8 ಅಡಿ ಎತ್ತರದಿಂದ ನೆಲಕ್ಕೆ ಬಿದ್ದಷ್ಟೇ ಏಟಾಗುತ್ತದೆ. ಯುರೋಪಿನ ಮಾನದಂಡದಂತೆ ಸೈಕಲ್ ಹೆಲ್ಮೆಟ್‌ಗಳನ್ನು ಪರೀಕ್ಷಿಸುವುದೇ ಗಂಟೆಗೆ 20 ಕಿ.ಮೀ.ಗಿಂತ ತುಸು ಕಡಿಮೆ ವೇಗದ ಹೊಡೆತಕ್ಕೆ. ನಾವೋ ಅದಕ್ಕಿಂತ ಹೆಚ್ಚಿನ ವೇಗಕ್ಕೆ ಬರಿ ತಲೆ ಸಾಕು ಎಂದು ನಿಯಮದಲ್ಲೇ ಒಪ್ಪಿಕೊಂಡಿದ್ದೇವೆ. ಜೊತೆಗೆ ಈ ಗಾಡಿಗೆ ಸದ್ದಿಲ್ಲ. ಹಿಂದಿನಿಂದ ಬರುವುದನ್ನು ಕಿವಿಯಿಂದಲೇ ಅಂದಾಜು ಮಾಡುವ ವೃದ್ಧರಿಗೆ, ಕಣ್ಣು ಕಾಣದವರಿಗೆ ಫುಟ್‌ಪಾತಿನ ಮೇಲೂ ನೆಮ್ಮದಿಯಿಲ್ಲ.

25ರ ಮಿತಿಯಾದರೂ ನಿಜವೇ? ಮೋಟಾರಿನ ವೇಗ ನಿಯಂತ್ರಿಸುವ ಕಂಟ್ರೋಲರ್‌ನ ಒಂದು ವಯರ್ ತೆಗೆದರೆ ಸಾಕು, ಎಷ್ಟೋ ಗಾಡಿಗಳು 40ರ ಮೇಲೆ ಓಡುತ್ತವೆ. ಕೇರಳದ ಮೋಟಾರು ವಾಹನ ಇಲಾಖೆ 2023ರಲ್ಲಿ ಷೋರೂಂಗಳನ್ನು ತಪಾಸಣೆ ಮಾಡಿದಾಗ ವೇಗ ಹೆಚ್ಚಿಸಿ ಮಾರುವ ದಂಧೆ ಬಯಲಾಯಿತು. ನಂಬರ್ ಪ್ಲೇಟ್ ಇಲ್ಲದ ಗಾಡಿ ಒನ್‌ವೇಯಲ್ಲಿ ಎದುರು ಬಂದರೆ, ಸಿಗ್ನಲ್ ಹಾರಿದರೆ ಯಾವ ಕ್ಯಾಮೆರಾಕ್ಕೂ ಅದು ಯಾರದೆಂದು ತಿಳಿಯುವುದಿಲ್ಲ.

ಮಕ್ಕಳ ವಿಚಾರ ಬಂದಾಗ ನನಗೆ ಸಿಟ್ಟೇ ಬರುತ್ತದೆ. ಅಪ್ರಾಪ್ತರ ಕೈಗೆ ಬೈಕ್ ಕೊಟ್ಟ ತಂದೆ ತಾಯಿಗೆ 25 ಸಾವಿರ ರೂಪಾಯಿ ದಂಡ, ಜೈಲಿಗೂ ಅವಕಾಶವಿದೆ. ನಮ್ಮ ರಾಜ್ಯದ ನ್ಯಾಯಾಲಯಗಳು ದಂಡ ಹಾಕಿದ ಸುದ್ದಿಗಳನ್ನು ಓದುತ್ತಲೇ ಇರುತ್ತೇವೆ. ಆದರೆ ಈ ಸ್ಕೂಟರಿಗೆ ಕನಿಷ್ಠ ವಯಸ್ಸೇ ಇಲ್ಲ. ಏಳನೇ ತರಗತಿಯ ಹುಡುಗ ತಂಗಿಯನ್ನು ಹಿಂದೆ ಕೂರಿಸಿಕೊಂಡು ಲಾರಿಗಳ ನಡುವೆ ಟ್ಯೂಷನ್‌ಗೆ ಹೊರಟರೆ ಅದು ಕಾನೂನುಬದ್ಧ! ಬಲಕ್ಕೆ ತಿರುಗುವ ಮುನ್ನ ಹಿಂದೆ ನೋಡಬೇಕು, ಬಸ್ಸಿನ ಎಡಬದಿಯಿಂದ ನುಗ್ಗಬಾರದು ಎಂಬಷ್ಟನ್ನಾದರೂ ಯಾರೋ ಕಲಿಸಿ, ಕಲಿತಿದ್ದಾನೆಯೇ ಎಂದು ನೋಡಬೇಡವೇ? ಪರವಾನಗಿಯ ಕೆಲಸ ಅದೇ. ನೆದರ್ಲೆಂಡ್ಸ್‌ನಲ್ಲಿ 25 ಕಿ.ಮೀ. ಮಿತಿಯ ಮೊಪೆಡ್‌ಗಳಿಗೂ ಪರವಾನಗಿ, ವಿಮೆ, ನೀಲಿ ನಂಬರ್ ಪ್ಲೇಟ್ ಬೇಕು. 2023ರ ಜನವರಿಯಿಂದ ಹೆಲ್ಮೆಟ್ಟೂ ಕಡ್ಡಾಯವಾಗಿದೆ. ಸೈಕಲ್ ಸವಾರರನ್ನು ಅಷ್ಟೊಂದು ಮುದ್ದು ಮಾಡುವ ದೇಶವೇ ಮೋಟಾರು ಸೇರಿದಾಗ ಬೇರೆ ಅಳತೆಗೋಲು ಹಿಡಿಯಿತು.

ವಿರೋಧ: ಕಳ್ಳತನ ಅಂಗಡಿಯಲ್ಲಿ, ಶಿಕ್ಷೆ ಸವಾರನಿಗೆ

ಮಿತಿ ಮೀರಿ ಓಡುವ ಸ್ಕೂಟರ್‌ಗಳನ್ನು ತೋರಿಸಿ, ಮಿತಿಯೊಳಗಿರುವವರನ್ನು ಆರ್‌ಟಿಒ ಸಾಲಿನಲ್ಲಿ ನಿಲ್ಲಿಸುವ ವಾದವಿದು. ವಿನಾಯಿತಿ ಇರುವುದು 25 ಕಿ.ಮೀ. ದಾಟದ ವಾಹನಕ್ಕೆ. ವಯರ್ ಕಿತ್ತು 45ಕ್ಕೆ ಏರಿಸಿದ ಗಾಡಿ ಆ ವ್ಯಾಖ್ಯೆಯಿಂದಲೇ ಹೊರಬಿದ್ದು ಇವತ್ತಿನ ಕಾನೂನಿನಲ್ಲೇ ಮೋಟಾರು ವಾಹನವಾಗುತ್ತದೆ. ನೋಂದಣಿಯಿಲ್ಲ, ವಿಮೆಯಿಲ್ಲ, ಪರವಾನಗಿಯಿಲ್ಲ ಎಂದು ಅದನ್ನು ಇಂದೇ ಜಪ್ತಿ ಮಾಡಬಹುದು. ಬದಲಾವಣೆ ಮಾಡಿ ಮಾರಿದ ಡೀಲರ್‌ನನ್ನು ಶಿಕ್ಷಿಸಲು ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಇದೆ. ಬೇಕಿರುವುದು ಗಾಡಿಯ ವೇಗ ಅಳೆಯುವ ಯಂತ್ರ, ಅದನ್ನು ಹಿಡಿದು ಷೋರೂಂಗೆ ನುಗ್ಗುವ ಅಧಿಕಾರಿ. ಎದುರಿನ ವಾದ ಉದಾಹರಿಸಿದ ಕೇರಳದ ತಪಾಸಣೆ ಇದನ್ನೇ ತೋರಿಸುತ್ತದೆ: ಹೊಸ ಕಾನೂನಿಲ್ಲದೆ ದಂಧೆ ಸಿಕ್ಕಿಬಿತ್ತು.

ಪರವಾನಗಿ, ನಂಬರ್ ಪ್ಲೇಟ್ ಇದ್ದರೆ ಜೀವ ಉಳಿಯುತ್ತದೆ ಎಂಬ ನಂಬಿಕೆಗೆ ಆಧಾರವೇನು? ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಹೆಲ್ಮೆಟ್ ಹಾಕದೆ ಸತ್ತವರೇ 50,029. ಬೈಕಿಗೆ ಎಲ್ಲ ಕಾನೂನೂ ಇದೆ, ಹೆಲ್ಮೆಟ್ ಕೂಡ ಕಡ್ಡಾಯ. ಕಾಗದ ಅಲ್ಲಿ ಮಾಡದ ಕೆಲಸವನ್ನು ಇಲ್ಲಿ ಮಾಡೀತೆಂದು ನಾನು ನಂಬಲಾರೆ. ಸಣ್ಣ ಚಕ್ರದ ಈ ಗಾಡಿಯನ್ನು ಕೆಡವುವುದು ಗುಂಡಿ, ಬಣ್ಣ ಬಳಿಯದ ಹಂಪ್, ಮಳೆಯಲ್ಲಿ ಮುಳುಗಿದ ಮ್ಯಾನ್‌ಹೋಲ್. ಅದರ ಸವಾರನನ್ನು ಕೊಲ್ಲುವುದು ಪಕ್ಕದಲ್ಲಿ 70ರಲ್ಲಿ ಹೋಗುವ ಟಿಪ್ಪರ್.

ಇನ್ನು, ಈ ಸ್ಕೂಟರ್ ಯಾರ ಕೈಯಲ್ಲಿದೆ ನೋಡಿ. ಐದಾರು ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸರು, ಗಾರ್ಮೆಂಟ್ಸ್ ಕೆಲಸದವರು, ಮಂಡಿನೋವಿನಿಂದ ನಡೆಯಲಾರದ ನಿವೃತ್ತರು, ದಿನದ ಬಾಡಿಗೆಗೆ ಗಾಡಿ ಪಡೆದು ಊಟ ತಲುಪಿಸುವ ಹುಡುಗರು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳನ್ನು ಬಸ್ಸಿಗೆ ಹತ್ತಿಸಿತು, ನಿಜ. ಆದರೆ ಬಸ್ ನಿಲ್ದಾಣದಿಂದ ಮನೆಯವರೆಗಿನ ಎರಡು ಮೂರು ಕಿಲೋಮೀಟರನ್ನು ಯಾವ ಯೋಜನೆಯೂ ದಾಟಿಸುವುದಿಲ್ಲ. ಗಂಡನ ಬೈಕಿಗೆ, ಮಗನ ಬಿಡುವಿಗೆ ಕಾಯದೆ ಹೊರಡುವ ಸ್ವಾತಂತ್ರ್ಯ ಎಷ್ಟೋ ಮಹಿಳೆಯರಿಗೆ ಮೊದಲ ಸಲ ಸಿಕ್ಕಿದ್ದು ಇದರಿಂದ. ಎಲ್‌ಎಲ್‌ಆರ್, ಟೆಸ್ಟ್, ಏಜೆಂಟ್, ಒಂದೆರಡು ದಿನದ ಕೂಲಿ ನಷ್ಟ ಇವನ್ನೆಲ್ಲ ಮುಂದಿಟ್ಟರೆ ಅವರಲ್ಲಿ ಅನೇಕರು ಗಾಡಿಯನ್ನೇ ಬಿಟ್ಟು ಮತ್ತೆ ಹಿಂಬದಿ ಸೀಟಿಗೆ ಮರಳುತ್ತಾರೆ. ಅದನ್ನು ಸುರಕ್ಷತೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ನೆದರ್ಲೆಂಡ್ಸ್‌ನಲ್ಲಿ ಮೊಪೆಡ್ ಬಿಟ್ಟವನ ಮುಂದೆ ಪ್ರತ್ಯೇಕ ಸೈಕಲ್ ಪಥವಿರುತ್ತದೆ. ನಮ್ಮಲ್ಲಿ ಫುಟ್‌ಪಾತೂ ಇಲ್ಲ.

ಗುದ್ದಿಸಿಕೊಂಡವರಿಗೆ ಪರಿಹಾರ ಸಿಗಬೇಕು ಎಂಬುದನ್ನು ಮನಸಾರೆ ಒಪ್ಪುತ್ತೇನೆ. ಅದಕ್ಕೆ ಸವಾರನಿಗೆ ಪರೀಕ್ಷೆ ಬೇಕಿಲ್ಲ. 2018ರಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗಲೇ ಐದು ವರ್ಷದ ಮೂರನೇ ವ್ಯಕ್ತಿ ವಿಮೆ ಮಾಡಿಸಬೇಕು. ಅದೇ ಮಾದರಿಯಲ್ಲಿ ಈ ಸ್ಕೂಟರಿನ ಬೆಲೆಯಲ್ಲೇ ವಿಮೆ, ಒಂದು ಒಳ್ಳೆಯ ಹೆಲ್ಮೆಟ್ ಎರಡನ್ನೂ ಸೇರಿಸಿ. ಚಾಸಿಸ್ ಸಂಖ್ಯೆಯ ಜೊತೆ ಕೊಂಡವರ ಹೆಸರನ್ನು ಅಂಗಡಿಯವನೇ ದಾಖಲಿಸಲಿ. ನ್ಯಾಯಮಂಡಳಿಯ ವ್ಯಾಪ್ತಿಗೆ ಈ ಅಪಘಾತಗಳನ್ನು ತರಲು ಕಾಯ್ದೆಗೊಂದು ಸಣ್ಣ ತಿದ್ದುಪಡಿ ಮಾಡಿ. ಮಕ್ಕಳ ವಿಷಯದಲ್ಲಿ ಹದಿನಾರರ ಕೆಳಗಿನವರು ಓಡಿಸಬಾರದು ಎಂಬ ಒಂದು ಸಾಲಿನ ನಿಯಮ ಸಾಕು. ಪಿಯು ಓದುವ ಹುಡುಗಿ ಬಸ್ ಬಾರದ ಹಳ್ಳಿಯಿಂದ ಕಾಲೇಜಿಗೆ ಹೋಗುವುದನ್ನು ಅದು ತಪ್ಪಿಸುವುದಿಲ್ಲ.