ಸ್ಪಷ್ಟನೆ: ಯುವಿಯೈಟಿಸ್ (ಕಣ್ಣೊಳಗಿನ ಉರಿಯೂತ) ಬಂದರೆ ಕಣ್ಣು ಹೋದ ಹಾಗೇನಾ?

‘ಯುವಿಯೈಟಿಸ್ ಬಂದವರು ಕೊನೆಗೆ ಕುರುಡರಾಗ್ತಾರೆ. ಸ್ಟೀರಾಯ್ಡ್ ಹನಿಯೇ ಕಣ್ಣು ಹಾಳು ಮಾಡೋದು. ಕೆಂಪು ಇಳಿದ ತಕ್ಷಣ ನಿಲ್ಲಿಸಿ’ ಎಂಬ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ತಪ್ಪೇ ಜಾಸ್ತಿ.

ಸರಿಯಾಗಿ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರಿಗೆ ವರ್ಷಗಳ ನಂತರವೂ ಕೆಲಸಕ್ಕೆ ಬರುವಷ್ಟು ದೃಷ್ಟಿ ಉಳಿಯುತ್ತದೆ. ಕಣ್ಣಿನ ಮುಂಭಾಗಕ್ಕೆ ಸೀಮಿತವಾದ ಉರಿಯೂತದಲ್ಲಂತೂ ಫಲಿತಾಂಶ ಸಾಮಾನ್ಯವಾಗಿ ಒಳ್ಳೆಯದೇ. ಹಿಂಭಾಗಕ್ಕೆ ಬಂದರೆ ಅಪಾಯ ಹೆಚ್ಚು, ನಿಜ.

ಸ್ಟೀರಾಯ್ಡ್‌ನಿಂದ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು. ಆದರೆ ಹತೋಟಿಗೆ ಬಾರದ ಉರಿಯೂತವೂ ಇವೆರಡನ್ನೂ ತರುತ್ತದೆ. ಅದರಿಂದ ಅಕ್ಷಿಪಟದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದ) ನಡುಭಾಗ ಊದಿಕೊಂಡರೆ ಓದುವ ದೃಷ್ಟಿಯೇ ಕುಂದುತ್ತದೆ. ಕೆಂಪು ಇಳಿಯಿತು ಎಂದರೆ ಒಳಗಿನ ಉರಿಯೂತ ಹೋಯಿತು ಎಂದಲ್ಲ. ಸಂಧಿವಾತವಿರುವ ಮಕ್ಕಳ ಕಣ್ಣು ಕೆಂಪಾಗದೆ, ನೋಯದೆ ಒಳಗೊಳಗೇ ಹಾಳಾಗಬಹುದು. ನನಗೆ ಜಾಸ್ತಿ ಭಯ ಇರೋದು ಇದರ ಬಗ್ಗೆಯೇ. ಆದ್ದರಿಂದ ಹನಿಯನ್ನು ಸುಮ್ನೆ ನಿಲ್ಲಿಸಬೇಡಿ. ವೈದ್ಯರು ಒಳಗೆ ನೋಡಿ ನಿಧಾನವಾಗಿ ಇಳಿಸಬೇಕು.

ದೀರ್ಘಕಾಲ ಸ್ಟೀರಾಯ್ಡ್ ಒಂದನ್ನೇ ನಂಬಬೇಕಾಗಿಯೂ ಇಲ್ಲ. ರೋಗನಿರೋಧಕ ವ್ಯವಸ್ಥೆಯ ಅತಿಯಾದ ಚಟುವಟಿಕೆಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್‌ನಂಥ ಮಾತ್ರೆಗಳಿವೆ. ಸೋಂಕಿನಿಂದ ಬರದ ಕೆಲವು ಬಗೆಗಳಿಗೆ ಇದೇ ರೀತಿ ಕೆಲಸ ಮಾಡುವ ಅಡಲಿಮುಮ್ಯಾಬ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ ಶುರುವಾದ ‘ಮಸ್ಟ್’ ಅಧ್ಯಯನ 255 ರೋಗಿಗಳನ್ನು ಸೇರಿಸಿಕೊಂಡು, ಕಣ್ಣೊಳಗೆ ಇಡುವ ಸ್ಟೀರಾಯ್ಡ್ ಇಂಪ್ಲಾಂಟನ್ನು ಇಡೀ ದೇಹಕ್ಕೆ ಕೊಡುವ ಔಷಧಿಗಳ ಜೊತೆ ಹೋಲಿಸಿತು. ಮೊದಲ 2 ವರ್ಷ ದೃಷ್ಟಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. 7 ವರ್ಷದ ಹೊತ್ತಿಗೆ ದೇಹಕ್ಕೆ ಔಷಧಿ ಪಡೆದವರ ದೃಷ್ಟಿ ಇಂಪ್ಲಾಂಟ್ ಪಡೆದವರಿಗಿಂತ, ಕಣ್ಣು ಪರೀಕ್ಷೆಯ ಫಲಕದಲ್ಲಿ ಸರಾಸರಿ 7 ಅಕ್ಷರಗಳಷ್ಟು ಚೆನ್ನಾಗಿತ್ತು.